ಮುಖ ನೋಡಿ ಕೊಟ್ಟ ಅಂಕ

ದೆವ್ವದ ಪಿಚ್ಚರ್ ನೋಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಆ ಪಿಚ್ಚರ್ ನೋಡುವವನ ಮುಖವನ್ನೇ ಕೂತು ನೋಡುವವರು ಎಲ್ಲಾದರೂ ಸಿಗುತ್ತಾರೆಯೇ? ನನಗೆ ಗೊತ್ತಿರುವುದು ಒಬ್ಬಳೇ. ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವವಳು, ಎಲ್ಲರ ಬಾಯಲ್ಲೂ ಫೋಟೋ ಅಕ್ಕ. ಗಂಡ ಲಿಫ್ಟ್ ರಿಪೇರಿಯವನು, ಆದ್ದರಿಂದ ಲಿಫ್ಟಣ್ಣ. ದಿನವಿಡೀ ದೊಡ್ಡ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗಿನ ಕತ್ತಲಲ್ಲಿ, ಸೊಂಟಕ್ಕೊಂದು ಬೆಲ್ಟು ತಲೆಗೊಂದು ಟಾರ್ಚು ಕಟ್ಟಿಕೊಂಡು ನೇತಾಡುವ ಆಸಾಮಿ. ಅಲ್ಲಿ ಒಂದು ದಿನವೂ ಹೆದರಿದವನಲ್ಲ. ಹೆದರಬೇಕೆಂದರೆ ಅವನು ಮನೆಗೇ ಬರಬೇಕು, ಟೀವಿಯ ಮುಂದೆಯೇ ಕೂರಬೇಕು. ಕೆಲವರಿಗೆ ಸಂಜೆಯಾದರೆ ಕಾಫಿ ಬೇಕು, ಇವನಿಗೆ ರಜೆ ಬಂದರೆ ದೆವ್ವ ಬೇಕು.

ಫೋಟೋ ಅಕ್ಕನಿಗೆ ದೆವ್ವವೆಂದರೆ ಆಗದು. ಮದುವೆಯಾದ ಹೊಸದರಲ್ಲಿ ಗಂಡನ ಪಕ್ಕ ಕೂತು ಒಂದು ಪಿಚ್ಚರಿನ ಅರ್ಧ ನೋಡಿದ್ದಳು, ಅಷ್ಟಕ್ಕೇ ವಾರಗಟ್ಟಲೆ ಬಚ್ಚಲ ಬಾಗಿಲಲ್ಲಿ ಅವನನ್ನು ಕಾವಲಿಗೆ ನಿಲ್ಲಿಸಿದ್ದಳು. ಹಾಗೆಂದು ಗಂಡ ಒಂದು ಕೋಣೆ, ತಾನೊಂದು ಕೋಣೆ ಅನ್ನುವುದೂ ಅವಳಿಗೆ ಸರಿಬೀಳಲಿಲ್ಲ. ಮಕ್ಕಳಾಗದ ಮನೆ, ಇರುವುದೇ ಇಬ್ಬರು, ಅದರಲ್ಲೂ ಗೋಡೆ ಯಾಕೆ? ಟೀವಿಯ ಮಗ್ಗುಲಿಗೇ ಒಂದು ಮೋಟು ಸ್ಟೂಲು ಹಾಕಿಕೊಂಡಳು. ಟೀವಿಗೆ ಬೆನ್ನು, ಗಂಡನಿಗೆ ಮುಖ, ಮಡಿಲಲ್ಲಿ ಸುಲಿಯಲಿಕ್ಕೆ ಬಟಾಣಿ. ಅವನು ದೆವ್ವವನ್ನು ನೋಡುತ್ತಿದ್ದ, ಅವಳು ಅವನನ್ನು ನೋಡುತ್ತಿದ್ದಳು.

ಏನು ಮುಖ ಸ್ವಾಮಿ ಅದು! ಮೊದಲು ಎಡಹುಬ್ಬು ಮೇಲೇಳುತ್ತಿತ್ತು. ಆಮೇಲೆ ಕೆಳದುಟಿ ಒಳಗೆ ಹೋಗಿ ಕೂತುಬಿಡುತ್ತಿತ್ತು. ನಿಜವಾಗಿಯೂ ಜೀವ ಹಿಂಡುವ ಪಿಚ್ಚರಾದರೆ ಮೂಗಿನ ಹೊಳ್ಳೆಗಳು ಓಡಿಬಂದ ಎಮ್ಮೆಯವುಗಳ ಹಾಗೆ ಅರಳುತ್ತಿದ್ದವು. ಅವಳು ಬಟಾಣಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪಿಚ್ಚರ್ ಮುಗಿದ ಕೂಡಲೇ ಅವನ ಪ್ರಶ್ನೆ, "ಹತ್ತಕ್ಕೆ ಎಷ್ಟೇ?" ಅವಳು ಮುಖದಲ್ಲಿ ಕಂಡಷ್ಟು ಕೊಡುತ್ತಿದ್ದಳು. ಎಂಟು ಸಿಕ್ಕಿದ್ದುಂಟು, ಅಪರೂಪಕ್ಕೆ ಒಂಬತ್ತು ಸಿಕ್ಕಿದ್ದುಂಟು. ಹತ್ತು ಮಾತ್ರ ಯಾವುದಕ್ಕೂ ಸಿಕ್ಕಿರಲಿಲ್ಲ. "ಹತ್ತು ಬರೋ ದಿನ ನಾನು ಅಂಕ ಕೊಡ್ತಾ ಕೂರಲ್ಲ ರೀ, ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ" ಅನ್ನುತ್ತಿದ್ದಳು.

ಆ ಅಂಕಕ್ಕೆ ಹೊರಗೂ ಬೆಲೆಯಿತ್ತು. ದೆವ್ವದ ಪಿಚ್ಚರಿನ ಹುಚ್ಚರದ್ದೊಂದು ಗುಂಪು ಅವನ ಫೋನಿನಲ್ಲಿತ್ತು. ವರ್ಷದ ಕೊನೆಗೆ ಲಿಫ್ಟಣ್ಣ ತನ್ನ ಮೆಚ್ಚಿನ ಹತ್ತು ಪಿಚ್ಚರುಗಳ ಪಟ್ಟಿಯನ್ನು ಅದರಲ್ಲಿ ಹಾಕಿದರೆ ಆ ಮಂದಿಗೆ ಅದೇ ಕೊನೆಯ ಮಾತು. ಯಾಕೆಂದರೆ ಅದು ಅವನು ಹೇಳಿದ್ದಲ್ಲ, ಅವನ ಮುಖ ಹೇಳಿದ್ದು. "ಹೆದರಿದವನು ಆಮೇಲೆ ಸುಳ್ಳು ಹೇಳ್ತಾನೆ. ಮುಖ ಹೇಳಲ್ಲ" ಎಂದು ಅವನೇ ದೊಡ್ಡ ಪಂಡಿತನಂತೆ ಬರೆದಿದ್ದ. ಪಟ್ಟಿಗೆ ಮುಂಚೆ, ವರ್ಷದ ಕೊನೆಯ ವಾರ ರಜೆ ಹಾಕಿ, ನೋಡದೆ ಬಿಟ್ಟುಹೋದವನ್ನೆಲ್ಲ ದಿನಕ್ಕೊಂದರಂತೆ ಮಟಮಟ ಮಧ್ಯಾಹ್ನ ಪರದೆ ಎಳೆದು ನೋಡಿ ಮುಗಿಸುತ್ತಿದ್ದ. ಅದಕ್ಕೆ ಮನೆಯಲ್ಲಿ ಬಾಕಿ ವಾರ ಎಂದು ಹೆಸರು. ಅವಳೂ ಆ ವಾರ ಅರ್ಧ ದಿನ ರಜೆ ಹಾಕುತ್ತಿದ್ದಳು.

ಈ ಪಿಚ್ಚರುಗಳಿಗೆ ಕಾಯುವವರು ಇನ್ನೊಬ್ಬರಿದ್ದರು, ಫೋಟೋ ಅಕ್ಕನ ಅಮ್ಮ. ಇವಳ ತಮ್ಮನ ಮನೆಯಲ್ಲಿದ್ದ ಮುದುಕಿಗೆ ಕಣ್ಣು ಪೂರಾ ಹೋಗಿತ್ತು, ಆದರೆ ದೆವ್ವದ ಕತೆಯ ಚಪಲ ಹೋಗಿರಲಿಲ್ಲ. "ಏನಪ್ಪಾ, ಈ ವಾರ ಯಾವ ಪಿಶಾಚಿ ಬಂದಿತ್ತು?" ಎಂದು ಅಳಿಯನನ್ನು ಕೇಳುತ್ತಿದ್ದಳು. ಪಿಚ್ಚರ್ ಮುಗಿದ ತಕ್ಷಣ ಅವನು ಫೋನ್ ಹಚ್ಚಿ, ಬಾಗಿಲು ಕಿರ್ ಅಂದದ್ದನ್ನೂ ಬಿಡದೆ ಇಡೀ ಕತೆ ಹೇಳುತ್ತಿದ್ದ. ಆ ಕಡೆಯಿಂದ ಮುದುಕಿ "ಅಯ್ಯಯ್ಯೋ, ಆಮೇಲೆ?" ಅನ್ನುವುದು ಅಡುಗೆಮನೆಗೂ ಕೇಳುತ್ತಿತ್ತು.

ಆ ಅಮ್ಮ ಈ ವರ್ಷದ ಮೊದಲ ತಿಂಗಳುಗಳಲ್ಲೇ ತೀರಿಕೊಂಡಳು. ಕೇಡು ಶುರುವಾದದ್ದು ಅಲ್ಲಿಂದ, ಅಥವಾ ಹಾಗೆಂದು ಫೋಟೋ ಅಕ್ಕ ತಿಳಿದಳು.

ಅಮ್ಮನನ್ನು ಕೊಂಡೊಯ್ಯುವ ಹೊತ್ತಿಗೆ ತಮ್ಮ ನೆಲಕ್ಕೆ ಬಿದ್ದು ಅಳುತ್ತಿದ್ದ. ಅಕ್ಕಪಕ್ಕದವರ ಕಣ್ಣೂ ಒದ್ದೆಯಾಗಿತ್ತು. ಲಿಫ್ಟಣ್ಣ ಗೋಡೆಗೆ ಒರಗಿ ನಿಂತಿದ್ದ. ಮುಖದಲ್ಲಿ ಏನೂ ಇಲ್ಲ. ಬಸ್ಸಿಗೆ ಕಾಯುವವನ ಮುಖದಲ್ಲೂ ಅದಕ್ಕಿಂತ ಹೆಚ್ಚು ಇರುತ್ತದೆ. ತಮ್ಮನ ಹೆಂಡತಿ ಕಿವಿಯ ಹತ್ತಿರ ಬಂದು, "ಭಾವನಿಗೆ ಎದೆ ಗಟ್ಟಿ ಅಲ್ವಾ ಅತ್ತಿಗೆ" ಅಂದಳು. ಆಡಿದ್ದು ಒಂದು ಮಾತು, ಚುಚ್ಚಿದ್ದು ವರ್ಷಪೂರ್ತಿ.

ಆಮೇಲೆ ಅವಳು ಹುಡುಕಿದಲ್ಲೆಲ್ಲ ಅದೇ ಕಂಡಿತು. ಅವಳು ಹೊಸ ಸೀರೆ ಉಟ್ಟು ನಿಂತರೆ ಅವನ ಮುಖ ಹಾಗೇ. ಅಡುಗೆ ಚೆನ್ನಾಗಿದ್ದರೂ ಹಾಗೇ, ಉಪ್ಪು ಜಾಸ್ತಿಯಾದರೂ ಹಾಗೇ. ಮಾತು ಸಣ್ಣಗಾಗಿತ್ತು, ದನಿಯಲ್ಲಿ ಏರಿಲ್ಲ ಇಳಿವಿಲ್ಲ. ಅಂಗಿಯ ಗುಂಡಿ ಹಾಕಲು ಹೊತ್ತು ತೆಗೆದುಕೊಳ್ಳುತ್ತಿದ್ದ. ತನ್ನ ಜೊತೆ ಹೊರಡಲು ಇಷ್ಟವಿಲ್ಲದೆ ಬೇಕಂತಲೇ ನಿಧಾನ ಮಾಡುತ್ತಾನೆ ಅಂದುಕೊಂಡಳು. ಪಿಚ್ಚರ್ ಮುಗಿದ ಮೇಲೆ ಫೋನ್ ಕೈಗೆತ್ತಿಕೊಂಡು ಅದನ್ನೇ ನೋಡಿ ಮತ್ತೆ ಕೆಳಗಿಡುವುದೊಂದು ಅಭ್ಯಾಸವಾಗಿತ್ತು. ಹೆಂಡತಿಯ ಮುಖ ನೋಡಲು ಪುರಸೊತ್ತಿಲ್ಲ, ಗುಂಪಿನವರು ಏನು ಬರೆದಿದ್ದಾರೆ ಎಂದು ನೋಡಲು ಇದೆ! ಬಾಯಿಬಿಟ್ಟು ಕೇಳಿದಳೇ? ಇಲ್ಲ. ಕೇಳುವುದೇನು, ಮುಖವೇ ಮನಸ್ಸಿನ ಕನ್ನಡಿ ಅನ್ನುತ್ತಾರಲ್ಲ.

ಅಂಕಗಳೂ ಬಿದ್ದವು. ವರ್ಷವಿಡೀ ಎರಡು, ಮೂರು, ಒಮ್ಮೊಮ್ಮೆ ಒಂದು. ಗುಂಪಿನಲ್ಲಿ ಗಲಾಟೆ. ಗೋಡೆಯೊಳಗೆ ಯಾರೋ ಊಟ ಅಗಿಯುವ ಸದ್ದು ಕೇಳುವ ಪಿಚ್ಚರೊಂದು ಬಂದಿತ್ತು, ಅದನ್ನು ನೋಡಿದವರು ದೀಪ ಆರಿಸದೆ ಮಲಗಿದ್ದರು. ಲಿಫ್ಟಣ್ಣನ ಮನೆಯಲ್ಲಿ ಅದಕ್ಕೆ ಎರಡು. "ಎರಡಾ? ಅಣ್ಣಾ, ನಿಮ್ಮ ಮನೆಯವರಿಗೆ ಕನ್ನಡಕ ಮಾಡಿಸಿ" ಎಂದು ಒಬ್ಬ ಬರೆದ. ಅವನು ಹೆಂಡತಿಯ ಕಡೆಗೇ ನಿಂತ. ಅವಳು ಎರಡು ಅಂದರೆ ಎರಡು. ಒಮ್ಮೆ ಮಾತ್ರ, "ನನಗೆ ಹೆದರಿಕೆ ಆದ ಹಾಗಿತ್ತು ಕಣೇ. ನೀನು ಇಲ್ಲ ಅಂತೀಯ. ನನಗೇ ವಯಸ್ಸಾಯ್ತೇನೋ, ಆಗಿದ್ದು ಯಾವುದು, ಆಗದ್ದು ಯಾವುದು ಅಂತ ಗೊತ್ತಾಗ್ತಿಲ್ಲ" ಅಂದಿದ್ದ. ಅವಳು ಬಟಾಣಿ ಸಿಪ್ಪೆ ಎತ್ತಿಕೊಂಡು ಎದ್ದುಹೋಗಿದ್ದಳು.

ಅಷ್ಟು ಹೊತ್ತಿಗೆ ಅವಳು ಒಂದು ತೀರ್ಮಾನ ಮಾಡಿಯಾಗಿತ್ತು. ತಮ್ಮನಿಗೆ ಫೋನ್ ಮಾಡಿ, "ಅಮ್ಮನ ರೂಮು ಖಾಲಿ ಇಟ್ಟಿರು, ಹೊಸ ವರ್ಷಕ್ಕೆ ನಾನು ಬಂದು ಇರ್ತೀನಿ" ಅಂದಿದ್ದಳು. ಎಷ್ಟು ದಿನಕ್ಕೆ ಎಂದು ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಕಪಾಟಿನ ಮೇಲಿನ ಸೂಟ್‌ಕೇಸನ್ನು ಇಳಿಸಿ ಒರೆಸಿ ಮಂಚದ ಕೆಳಗಿಟ್ಟಿದ್ದಳು. ಗಂಡನಿಗೆ ಹೇಳಿರಲಿಲ್ಲ. ಬಾಕಿ ವಾರ ಒಂದು ಮುಗಿದುಬಿಡಲಿ, ಇಷ್ಟು ವರ್ಷ ನಡೆಸಿದ್ದನ್ನು ಅರ್ಧಕ್ಕೆ ಬಿಡುವುದು ಬೇಡ ಅಂದುಕೊಂಡಳು. ಅದೂ ಪೂರ್ತಿ ನಿಜವಲ್ಲ. ಒಂದೇ ಒಂದು ಸಲ ಆ ಎಡಹುಬ್ಬು ಮೇಲೆದ್ದರೆ ಸೂಟ್‌ಕೇಸು ಮತ್ತೆ ಕಪಾಟಿನ ಮೇಲಕ್ಕೆ ಹೋಗುತ್ತದೆ ಎಂಬ ಆಸೆ ಅವಳಿಗಿತ್ತು.

ಬಾಕಿ ವಾರದ ಮೊದಲ ದಿನ ಕುರ್ಚಿಯ ಪಿಚ್ಚರ್. ಒಂದು ಮನೆಯ ಊಟದ ಮೇಜಿಗೆ ದಿನಕ್ಕೊಂದು ಕುರ್ಚಿ ಹೆಚ್ಚಾಗುತ್ತ ಹೋಗುತ್ತದೆ, ಯಾರೂ ತಂದಿಟ್ಟದ್ದಲ್ಲ. ಅಷ್ಟೇ ಕತೆಯಂತೆ. ಗುಂಪಿನವರೆಲ್ಲ ಇದನ್ನೇ ತಲೆಯ ಮೇಲೆ ಹೊತ್ತುಕೊಂಡಿದ್ದರು. ಫೋಟೋ ಅಕ್ಕ ಬೆನ್ನ ಹಿಂದೆ ಕುರ್ಚಿ ಎಳೆಯುವ ಸದ್ದು ಕೇಳುತ್ತ, ಗಂಡನ ಮುಖದಿಂದ ಕಣ್ಣು ತೆಗೆಯದೆ ಕೂತಳು. ಪಿಚ್ಚರಿನಲ್ಲಿ ಯಾರೋ ಕಿರುಚಿದರು. ಅವಳ ಕೈಯ ಬಟಾಣಿ ಚೆಲ್ಲಿತು. ಅವನು ಮಾತ್ರ ಕಲ್ಲು ಕೂತ ಹಾಗೆ ಕೂತಿದ್ದ, ಸೋಫಾದ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು.

ಮುಗಿದ ಮೇಲೆ ಅವನು ಉಸಿರು ಬಿಟ್ಟ. "ಅಬ್ಬಾ! ಇದು ಕಣೇ ಈ ವರ್ಷದ್ದು. ಹತ್ತಕ್ಕೆ ಎಷ್ಟು?"

"ಒಂದು."

"ಒಂದಾ?"

"ಅದೂ ಇಷ್ಟು ಹೊತ್ತು ಕೂತಿದ್ದಕ್ಕೆ ಅಂತ ಕೊಟ್ಟಿದ್ದು. ನಿಮಗಿಂತ ಆ ಕುರ್ಚಿಗಳೇ ಜಾಸ್ತಿ ಹೆದರಿದ್ವೇನೋ."

"ಲೇ, ನನ್ನ ಎದೆ ಬಾಯಿಗೆ ಬಂದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನನಗೆ ಹೆದರಿಕೆ ಆಗಿದ್ದು ನನಗೆ ಗೊತ್ತಾಗಲ್ವಾ?"

"ನಿಮ್ಮ ಎದೆ ನನಗೆ ಕಾಣಲ್ಲ. ಕಾಣೋದು ಮುಖ." ಅವಳ ದನಿ ಏರಿತು. ನುಂಗಿಟ್ಟದ್ದೆಲ್ಲ ಒಟ್ಟಿಗೇ ಕಿತ್ತುಕೊಂಡು ಬಂತು. "ಮುಖದಲ್ಲಿ ಏನಿದೆ? ನಮ್ಮಮ್ಮ ಹೋದ ದಿನವೂ ಹೀಗೇ ನಿಂತಿದ್ರಿ. ಒಂದು ಹನಿ ಇಲ್ಲ. ವಾರವಾರ ಫೋನಲ್ಲಿ ನಿಮ್ಮ ಕತೆ ಕೇಳ್ತಿದ್ದವಳು ಸತ್ತು ಮಲಗಿದ್ರೆ, ಯಾರದೋ ಮನೆ ಲಿಫ್ಟ್ ಕೆಟ್ಟಿದೆ ಅನ್ನೋ ಹಾಗೆ ನಿಂತಿದ್ರಿ. ಎಷ್ಟು ಕೊಡಲಿ ಅದಕ್ಕೆ? ಸೊನ್ನೆ. ಅವತ್ತೇ ಕೊಟ್ಟಾಯ್ತು, ನಿಮಗೆ ಹೇಳಿರಲಿಲ್ಲ ಅಷ್ಟೇ."

ಅವನು ಅವಳನ್ನು ನೋಡಿದ. ಮುಖ ಹಾಗೇ ಇತ್ತು. ಏನೋ ಹೇಳಲು ಬಾಯಿ ತೆರೆದ, ಮಾತು ಹೊರಡುವುದು ತಡವಾಯಿತು, ಅಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿಯಾಗಿತ್ತು. ತಿರುಗಿ ಬಂದಾಗ ಅವನಿರಲಿಲ್ಲ, ನಡೆದಾಡಲು ಹೋಗಿದ್ದ. ಸೋಫಾದ ಮೇಲೆ ದಿಂಬು ಬಿದ್ದಿತ್ತು. ಒಂದು ಮೂಲೆಯ ಹೊಲಿಗೆ ಕಿತ್ತು ಹತ್ತಿ ಹೊರಗೆ ಬಂದಿತ್ತು. ನಾನು ಅಂದದ್ದಕ್ಕೆ ಸಿಟ್ಟು ಬಂದು ಹರಿದಿದ್ದಾನೆ ಅಂದುಕೊಂಡಳು. ಸಿಟ್ಟಾದರೂ ಬಂತಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಯಿತು. ಆಗ ನೆನಪಾಯಿತು, ಅವಳು ಅಮ್ಮನ ಮಾತೆತ್ತುವ ಮೊದಲೇ, ಪಿಚ್ಚರ್ ನಡೆಯುವಾಗಲೇ, ಅವನ ತೊಡೆಯ ಮೇಲೆ ಬಿಳಿಯ ಚೂರುಗಳು ಕಂಡಿದ್ದವು. ನೋಡಿದ್ದಳು. ಆದರೆ ಅವಳು ನೋಡುತ್ತಿದ್ದದ್ದು ಮುಖವನ್ನು, ತೊಡೆಯನ್ನಲ್ಲ. ದಿಂಬನ್ನು ಹಾಗೇ ಇಟ್ಟಳು.

ಮರುದಿನ ಸ್ಟುಡಿಯೋಕ್ಕೆ ಒಬ್ಬ ಶಾಲೆಯ ಮೇಷ್ಟ್ರು ಬಂದರು. ಪಾಸ್‌ಪೋರ್ಟ್ ಫೋಟೋಕ್ಕೆ ನಗಬಾರದು, ಹಲ್ಲು ಕಾಣಬಾರದು. ಮೇಷ್ಟ್ರಿಗೋ ನಗಬೇಡಿ ಅಂದಷ್ಟೂ ನಗು. ಮಕ್ಕಳನ್ನು ಜೀವಮಾನವಿಡೀ ಗದರಿಸಿದವರು ತಾವೇ ಬೆಂಚಿನ ಹುಡುಗನ ಹಾಗೆ ಕಿಸಕ್ಕೆನ್ನುತ್ತಿದ್ದರು. "ಸಾರ್, ಸಾಲ ಕೊಟ್ಟವನ ಮುಖ ನೆನಪಿಸ್ಕೊಳ್ಳಿ" ಎಂದು ಅವಳು ಹಳೆಯ ಜೋಕು ಬಿಟ್ಟಳು, ಅದಕ್ಕೆ ಮೇಷ್ಟ್ರು ಇನ್ನೂ ನಕ್ಕರು. ಕೊನೆಗೆ ಒಂದು ಫೋಟೋ ಹೇಗೋ ಸಿಕ್ಕಿತು. ಅವರನ್ನು ಕಳಿಸಿ ಕೂತವಳಿಗೆ ಗಂಡನ ನೆನಪಾಯಿತು. ಅವನೂ ಹೀಗೇ. ಕಂಪನಿಯ ಗುರುತಿನ ಚೀಟಿಗೆ ಹಿಂದೊಮ್ಮೆ ಅವನ ಫೋಟೋ ತೆಗೆಯುವಷ್ಟರಲ್ಲಿ ಅವಳ ಪ್ರಾಣ ಹೋಗಿ ಬಂದಿತ್ತು. ಕ್ಯಾಮೆರಾ ಹಿಂದೆ ಹೆಂಡತಿಯ ಒಂದು ಕಣ್ಣು ಮುಚ್ಚಿದ್ದನ್ನು ಕಂಡರೆ ಸಾಕು, ಅವನಿಗೆ ತಡೆಯಲಾಗದ ನಗು.

ಈ ವರ್ಷ ಹೊಸ ಚೀಟಿಗೆ ಮತ್ತೆ ತೆಗೆದಿದ್ದಳು. ಮೊದಲನೆಯದೇ ಸರಿಯಾಗಿ ಬಂದಿತ್ತು.

ಆಗ ಅವಳಿಗೆ ಅದು ಇನ್ನೊಂದು ಅವಮಾನವಾಗಿ ಕಂಡಿತ್ತು. ನನ್ನನ್ನು ಕಂಡರೆ ಇವರಿಗೆ ಈಗ ನಗುವೂ ಬರುವುದಿಲ್ಲ ಎಂದು. ಈಗ ಸುಮ್ಮನೆ ಕಂಪ್ಯೂಟರಿನಲ್ಲಿ ಎರಡೂ ಫೋಟೋ ಹುಡುಕಿ ಪಕ್ಕಪಕ್ಕ ಇಟ್ಟಳು. ಗಂಡನೆಂದು ನೋಡಲಿಲ್ಲ, ಗಿರಾಕಿಯೆಂದು ನೋಡಿದಳು. ಇಷ್ಟು ವರ್ಷ ಜನರ ಮುಖದ ಮೇಲಿನ ಮೊಡವೆ ಅಳಿಸಿ, ನೆರಳು ತೆಗೆದು, ಗೆರೆ ನಯ ಮಾಡಿದ ಕೈ ಅದು. ಬೇಕೆಂದು ಸುಮ್ಮನಿರುವವನ ಮುಖ ಅವಳಿಗೆ ಗೊತ್ತು. ದಿನಕ್ಕೆಷ್ಟೋ ನೋಡುತ್ತಾಳೆ. ನಗು ತಡೆದವನ ತುಟಿ ಬಿಗಿಯಾಗಿರುತ್ತದೆ, ಸಿಟ್ಟು ತಡೆದವನ ದವಡೆ ಗಟ್ಟಿಯಾಗಿರುತ್ತದೆ. ಈ ಹೊಸ ಫೋಟೋದಲ್ಲಿ ಅವನು ಯಾವುದನ್ನೂ ತಡೆದಿರಲಿಲ್ಲ. ಮೂಗಿನಿಂದ ಬಾಯಿಯ ಕಡೆಗೆ ಇಳಿಯುವ ಗೆರೆಯೇ ಇರಲಿಲ್ಲ. ಅವಳು ಅಳಿಸಿರಲಿಲ್ಲ, ತಾನಾಗಿಯೇ ಹೋಗಿತ್ತು.

ಅದೇ ಹೊತ್ತಿಗೆ ಲಿಫ್ಟಣ್ಣ ಬಾಗಿಲಲ್ಲಿ ನಿಂತಿದ್ದ. ಜಗಳದ ಬಿಸಿಯಲ್ಲಿ ಅವಳು ಬಿಟ್ಟುಬಂದಿದ್ದ ತಿಂಡಿಯ ಡಬ್ಬಿ ತಂದಿದ್ದ. ಒಳಗೆ ನಡೆದು ಬರುವಾಗ ಡಬ್ಬಿ ಹಿಡಿದ ಕೈ ಬೀಸುತ್ತಿತ್ತು, ಇನ್ನೊಂದು ಅಂಗಿಯ ತೋಳಿನೊಳಗೆ ಸುಮ್ಮನೆ ತೂಗುಬಿದ್ದಿತ್ತು. ದಿನವೂ ನೋಡುವ ನಡಿಗೆ, ಅವತ್ತೇ ಕಂಡಿತು.

"ಡಬ್ಬಿ ಅಲ್ಲಿಡಿ. ಇಲ್ಲಿ ಬಂದು ಕೂತ್ಕೊಳ್ಳಿ."

"ಮತ್ತೆ ಫೋಟೋನಾ? ಯಾಕೆ?"

"ಕೂತ್ಕೊಳ್ಳಿ ಅಂದ್ನಲ್ಲ."

ಅವನು ಬಿಳಿಯ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತ. ಅವಳು ಎರಡೂ ಕಡೆಯ ದೀಪ ಹಾಕಿದಳು. ಕ್ಯಾಮೆರಾ ಹಿಂದೆ ಹೋಗಿ ನಿಂತಳು. ಒಂದು ಕಣ್ಣು ಮುಚ್ಚಿದಳು.

"ನಗಿ."

"ಇಲ್ಲಿ ನಗಬಾರದು ಅಂತ ನೀನೇ ಬೋರ್ಡ್ ಹಾಕಿದ್ದೀಯಲ್ಲೇ."

"ಇವತ್ತು ನಗಿ."

ಅವಳು ಕಾದಳು. ಕ್ಯಾಮೆರಾದೊಳಗಿನ ಚೌಕದಲ್ಲಿ ಗಂಡನ ಮುಖ ಗೋಡೆಗೆ ಹೊಡೆದ ಪಟದ ಹಾಗಿತ್ತು. ಕಣ್ಣು ರೆಪ್ಪೆ ಹೊಡೆಯುವುದೂ ಯಾವಾಗಲೋ ಒಮ್ಮೆ.

"ನಗಿ ಅಂದೆ ರೀ, ಆಟ ಆಡಬೇಡಿ."

"ನಗ್ತಾ ಇದ್ದೀನಲ್ಲೇ!" ಅಂದ ಅವನು.

ಫೋಟೋ ಅಕ್ಕ ಮದುವೆಯಾದಾಗಿನಿಂದ ಬೆನ್ನ ಹಿಂದೆಯೇ ಇಟ್ಟುಕೊಂಡು ಬಂದಿದ್ದ ಹೆದರಿಕೆ ಅವತ್ತು ಎದುರಿಗೆ ಬಂದು ಸ್ಟೂಲಿನ ಮೇಲೆ ಕೂತಿತ್ತು. ಗಿರಾಕಿಗಳು ತಲೆ ಬಾಚಲು ಇಟ್ಟಿದ್ದ ಕನ್ನಡಿಯನ್ನು ಮೊಳೆಯಿಂದ ತೆಗೆದು ಅವನ ಮುಂದೆ ಹಿಡಿದಳು.

ಅವನು ಬಹಳ ಹೊತ್ತು ನೋಡಿಕೊಂಡ. "ಇದು ನಗು ಅಲ್ವಾ?" ಎಂದು ಕೇಳಿದ. ಆಮೇಲೆ ಬೆರಳಿನಿಂದ ತುಟಿಯ ಕೊನೆಯನ್ನು ಮೇಲಕ್ಕೆತ್ತಿದ. ಬೆರಳು ಬಿಟ್ಟ ಕೂಡಲೇ ಅದು ಕೆಳಗಿಳಿಯಿತು. "ಒಳಗಡೆ ನಗ್ತಾನೇ ಇದ್ದೀನಿ ಕಣೇ. ಇಲ್ಲಿ ಯಾಕೆ ಬರ್ತಿಲ್ಲ?"

ಅವಳು ಅಂಗಡಿಯ ಬಾಗಿಲು ಎಳೆದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸ್ಟುಡಿಯೋ ಮಾಲೀಕರಿಗೆ ಪರಿಚಯವಿದ್ದ ನರರೋಗದ ಡಾಕ್ಟರು ಆ ವಾರದಲ್ಲೇ ಸಿಕ್ಕರು. ಗಟ್ಟಿ ದನಿಯ, ನಡುವಯಸ್ಸಿನ ಹೆಂಗಸು. ಬೆರಳುಗಳನ್ನು ಬೇಗಬೇಗ ಕುಟ್ಟಿ ಅಂದರು. ಅವನ ಬೆರಳು ಚೆನ್ನಾಗಿಯೇ ಹೊರಟು ದಾರಿಯಲ್ಲೇ ಸುಸ್ತಾಯಿತು. ಆ ಕೊನೆಯವರೆಗೆ ನಡೆದು ಬನ್ನಿ ಅಂದರು. ತಿರುಗುವ ಕಡೆ ಅವನು ಚಿಕ್ಕಚಿಕ್ಕ ಹೆಜ್ಜೆ ಹಾಕಿದ. ಕಾಫಿಯ ವಾಸನೆ ಬರುತ್ತಾ ಎಂದು ಕೇಳಿದರು. ಬಂದು ಎಷ್ಟೋ ಕಾಲವಾಯಿತು ಅಂದ. ಇದನ್ನೂ ಅವನು ಹೆಂಡತಿಗೆ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವನಿಗೆ ಗೊತ್ತಿರಲೂ ಇಲ್ಲ.

"ಪಾರ್ಕಿನ್ಸನ್ ಶುರುವಾಗಿದೆ" ಅಂದರು ಡಾಕ್ಟರು.

"ಅದು ನಡುಕದ ಕಾಯಿಲೆ ಅಲ್ವಾ? ನನ್ನ ಕೈ ನಡುಗೋದೇ ಇಲ್ವಲ್ಲ ಮೇಡಂ."

"ಎಲ್ಲರಿಗೂ ನಡುಕದಿಂದಲೇ ಶುರುವಾಗಲ್ಲ. ಕೆಲವರಿಗೆ ಮುಖ ಮೊದಲು ನಿಧಾನ ಆಗುತ್ತೆ. ಮನೆಯವರು ಸಾಮಾನ್ಯವಾಗಿ ಏನೋ ಬೇಜಾರಿನಲ್ಲಿದ್ದಾರೆ, ಸಿಟ್ಟಿನಲ್ಲಿದ್ದಾರೆ ಅಂದ್ಕೊಂಡು ಬಿಡ್ತಾರೆ." ಅವರು ಫೋಟೋ ಅಕ್ಕನ ಕಡೆ ತಿರುಗಿದರು. "ಒಳಗೆ ಎಲ್ಲಾ ಇರುತ್ತಮ್ಮ. ನಗು, ಅಳು, ಹೆದರಿಕೆ ಏನೂ ಕಡಿಮೆ ಆಗಿರಲ್ಲ. ಹೊರಗೆ ಬರೋ ದಾರಿ ಮಾತ್ರ ಕಟ್ಟಿರುತ್ತೆ. ಮಾತ್ರೆ ಕೊಡ್ತೀನಿ, ಸ್ವಲ್ಪ ಸಡಿಲ ಆಗುತ್ತೆ. ಮೊದಲಿನ ಹಾಗೇ ಆಗುತ್ತೆ ಅಂತ ನಾನು ಹೇಳಲ್ಲ. ಎಷ್ಟು ದಿನದಿಂದ ಹೀಗಿದ್ದಾರೆ?"

ಫೋಟೋ ಅಕ್ಕನಿಗೆ ಗೋಡೆಗೆ ಒರಗಿ ನಿಂತ ಗಂಡ ಕಣ್ಣ ಮುಂದೆ ಬಂದ. ಗೋಡೆಯೊಳಗೆ ಅಗಿಯುವ ಪಿಚ್ಚರಿಗೆ ಕೊಟ್ಟ ಎರಡು, ಹೊಸ ಸೀರೆ, ಗುಂಡಿ ಹಾಕಲು ತಡಕಾಡುತ್ತಿದ್ದ ಬೆರಳು, ಎಲ್ಲ ಒಂದರ ಹಿಂದೊಂದು ಬಂದವು. ನೋಡಿ ನೋಡಿ ಕಣ್ಣಿದ್ದೂ ಕುರುಡಿಯಾದೆನಲ್ಲಾ ಎಂದು ತನ್ನನ್ನೇ ಬೈದುಕೊಂಡಳು. ಅಮ್ಮನಿಗೆ ಕಣ್ಣೇ ಇರಲಿಲ್ಲ, ಅವಳು ಬದುಕಿದ್ದಿದ್ದರೆ ಫೋನಿನಲ್ಲಿ ದನಿ ಕೇಳಿಯೇ ಕಂಡುಹಿಡಿಯುತ್ತಿದ್ದಳು. "ವರ್ಷವೇ ಆಯ್ತು" ಎಂದು ಕೊನೆಗೆ ಅವನೇ ಉತ್ತರಿಸಿದ.

ಇನ್ನು ಲಿಫ್ಟಿನ ಗುಂಡಿಗೆ ಇಳಿಯಕೂಡದು, ಎತ್ತರಕ್ಕೆ ಹತ್ತಕೂಡದು ಎಂದೂ ಡಾಕ್ಟರು ಹೇಳಿದರು. ಆಸ್ಪತ್ರೆಯಿಂದ ಹೊರಗೆ ಬರುವಾಗ ಅವನು, "ಇನ್ನು ಮೇಲೆ ನಾನೂ ಗುಂಡಿ ಒತ್ತಿ ಕಾಯೋ ಗಿರಾಕಿ" ಅಂದ. ಅವಳು ಅಭ್ಯಾಸಬಲದಿಂದ ಅವನ ಮುಖ ನೋಡಿದಳು. ಏನೂ ತಿಳಿಯಲಿಲ್ಲ.

"ಇದು ತಮಾಷೆನಾ, ಬೇಜಾರಾ?"

ಅವನು ಯೋಚಿಸಿದ. "ಎರಡೂ. ಬೇಜಾರು ಸ್ವಲ್ಪ ಜಾಸ್ತಿ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಇಂಥದ್ದೊಂದು ಪ್ರಶ್ನೆ ಕೇಳಿದ್ದು ಅದೇ ಮೊದಲು.

ವರ್ಷದ ಕೊನೆಯ ದಿನ ಮಧ್ಯಾಹ್ನ ಅವನ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಪಟ್ಟಿ ಎಲ್ಲಿ ಲಿಫ್ಟಣ್ಣ, ಪಟ್ಟಿ ಎಲ್ಲಿ ಎಂದು ಗುಂಪಿನವರ ಗಲಾಟೆ. ಅವನು ಸೋಫಾದ ಮೂಲೆಯಲ್ಲಿ ಕೂತಿದ್ದ. ಮಾತ್ರೆ ಶುರುವಾಗಿತ್ತು, ಫಲ ಕಾಣಲು ಸಮಯ ಬೇಕು.

"ಈ ವರ್ಷ ಇಲ್ಲ ಅಂತ ಬರೆದುಬಿಡ್ತೀನಿ" ಅಂದ. "ಎಲ್ಲಾ ಒಂದು, ಎರಡು. ಅದರಲ್ಲಿ ಮೆಚ್ಚಿನದು ಯಾವುದು ಅಂತ ಆರಿಸಲಿ?"

"ಕೊಡಿ ಇಲ್ಲಿ." ಅವಳು ಫೋನ್ ಕಿತ್ತುಕೊಂಡಳು. ಎಂದೂ ಆ ಗುಂಪಿನಲ್ಲಿ ಒಂದಕ್ಷರ ಬರೆದವಳಲ್ಲ. ನಿಂತುಕೊಂಡೇ ಬರೆದಳು. 'ನಾನು ಇವರ ಮನೆಯವಳು. ಈ ವರ್ಷ ಕೊಟ್ಟ ಅಂಕ ಎಲ್ಲಾ ತಪ್ಪು. ಪಿಚ್ಚರ್‌ದೂ ತಪ್ಪಲ್ಲ, ಇವರದೂ ತಪ್ಪಲ್ಲ, ನೋಡಿದವಳದ್ದು. ಎಲ್ಲವನ್ನೂ ಮತ್ತೆ ನೋಡಬೇಕು. ಪಟ್ಟಿ ತಡವಾಗುತ್ತೆ.' ಕಳಿಸಿ ಫೋನನ್ನು ಅವನ ಪಕ್ಕ ಎಸೆದಳು.

"ಎಲ್ಲವನ್ನೂ?" ಅಂದ ಅವನು.

"ಎಲ್ಲವನ್ನೂ. ಈ ವರ್ಷ ನೋಡಿದ್ದೂ ನೋಡದೆ ಇದ್ದಿದ್ದೂ, ಎಲ್ಲಾ ಬಾಕಿಯೇ."

ಒಳಗೆ ಹೋಗಿ ಮಂಚದ ಕೆಳಗಿನ ಸೂಟ್‌ಕೇಸನ್ನು ಎಳೆದಳು. ಕಪಾಟಿನ ಮೇಲಕ್ಕೆ ಎತ್ತುವಾಗ ಸದ್ದಾಯಿತು. ಅವನು ಏನದು ಎಂದು ಕೇಳಲಿಲ್ಲ. ಸೂಟ್‌ಕೇಸು ಕೆಳಗಿಳಿದಿದ್ದೂ ಅವನಿಗೆ ಗೊತ್ತಿತ್ತೇನೋ, ಮುಖದಲ್ಲಿ ಕಾಣದಿದ್ದರೆ ಯಾರಿಗೆ ಗೊತ್ತು. ಅವಳು ತಮ್ಮನಿಗೆ, ಅಮ್ಮನ ರೂಮನ್ನು ಮಕ್ಕಳ ಓದಿಗೆ ಕೊಡು, ನಾನು ಬರಲ್ಲ ಎಂದು ಫೋನಿನಲ್ಲಿ ಹೇಳಿ ಈಚೆಗೆ ಬಂದಳು. ಮೋಟು ಸ್ಟೂಲನ್ನು ಎತ್ತಿ ಅಡುಗೆಮನೆಯಲ್ಲಿಟ್ಟಳು. ಪರದೆ ಎಳೆದು ಸೋಫಾದಲ್ಲಿ ಅವನ ಪಕ್ಕ ಕೂತಳು.

"ಲೇ, ಇದು ಕುರ್ಚಿ ಪಿಚ್ಚರ್. ನಿನ್ನ ಕೈಲಾಗಲ್ಲ."

"ಹಾಕ್ರಿ ಸುಮ್ಮನೆ."

ಅವನ ಬಲಗೈ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಪಿಚ್ಚರ್ ಶುರುವಾಯಿತು. ಊಟದ ಮೇಜು, ನಾಲ್ಕು ಜನ, ನಾಲ್ಕು ಕುರ್ಚಿ. ಮರುದಿನ ಐದು. ಅಷ್ಟಕ್ಕೇ ಅವಳ ಬಾಯಿ ಒಣಗಿತು. ಬೆರಳ ಕೆಳಗೆ ಏನೋ ಓಡತೊಡಗಿತ್ತು. ಅವಳು ತಿರುಗಿ ನೋಡಿದಳು. ಮುಖ ಅದೇ ಮುಖ, ಬಸ್ಸಿಗೆ ಕಾಯುವವನದು. ಬೆರಳ ಕೆಳಗೆ ಮಾತ್ರ ಅವನ ನಾಡಿ ಕಿತ್ತುಕೊಂಡು ಓಡುತ್ತಿತ್ತು. ಹಾಗಾದರೆ ಕಳೆದ ಸಲವೂ ಹೀಗೇ ಓಡಿರಬೇಕು, ದಿಂಬು ಹರಿಯುವಷ್ಟು. ಮತ್ತೆ ಅವಳು ಮುಖ ನೋಡಲಿಲ್ಲ. ಟೀವಿಯಲ್ಲಿ ಯಾರೋ ಖಾಲಿ ಕುರ್ಚಿಯ ಮುಂದೆ ತಟ್ಟೆ ಇಟ್ಟರು, ಅವಳು ಕಿಟಾರನೆ ಕಿರುಚಿ ಅವನ ಭುಜಕ್ಕೆ ಮುಖ ಒತ್ತಿದಳು.

"ನಗ್ತಾ ಇದ್ದೀನಿ" ಎಂದು ಅವನು ತಿಳಿಸಿದ. "ಜೋರಾಗಿ."

"ನಗಿ ನಗಿ. ನಿಮ್ಮ ಮೂಗು ಎಮ್ಮೆ ಮೂಗಾಗ್ತಿದ್ದಾಗ ನಾನೂ ನಕ್ಕಿದ್ದೀನಿ."

ಪಿಚ್ಚರ್ ಮುಗಿಯಿತು. ಅವನು ಕೇಳುವ ಮೊದಲೇ ಅವಳು "ಒಂಬತ್ತು" ಅಂದಳು. ಅವನು ಹೂಂಗುಟ್ಟಿದ. ಆಮೇಲೆ ಯಾವಾಗಿನಂತೆ ಎಡಗೈಯಿಂದ ಫೋನ್ ಎತ್ತಿಕೊಂಡ, ನೋಡಿದ, ಕೆಳಗಿಟ್ಟ. ಗುಂಪಿನ ಮಾತುಗಳು ಬಂದು ರಾಶಿ ಬಿದ್ದಿದ್ದವು. ಅವನು ಅದನ್ನು ತೆರೆದಿರಲಿಲ್ಲ. ತೆರೆದಿದ್ದದ್ದು ಅಮ್ಮನ ಹೆಸರು.

ವರ್ಷವಿಡೀ ಇದನ್ನೇ ಮಾಡುತ್ತಿದ್ದ, ಅವಳ ಎದುರಿಗೇ. ಬೆರಳುಗಳನ್ನು ಅವನ ಮಣಿಕಟ್ಟಿನಿಂದ ತೆಗೆಯದೆ ಕೇಳಿದಳು.

"ರೀ, ಅಮ್ಮನ್ನ ತಗೊಂಡು ಹೋಗ್ಬೇಕಾದ್ರೆ ನೀವು ಗೋಡೆ ಹತ್ರ ನಿಂತಿದ್ರಲ್ಲ. ಅವತ್ತು ಎಷ್ಟಿತ್ತು?"

ಅವನಿಗೆ ಮಾತು ಹೊರಡಲು ಹೊತ್ತು ಬೇಕಾಯಿತು. ಈ ಸಲ ಅವಳು ಎದ್ದುಹೋಗಲಿಲ್ಲ.

"ಹತ್ತು" ಅಂದ.

ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಿದ್ದರು. ಅವಳ ಬೆರಳ ಕೆಳಗೆ ಮತ್ತೆ ಓಟ ಶುರುವಾಗಿತ್ತು.

"ನಾನೀಗ ಅಳ್ತಾ ಇದ್ದೀನಿ" ಎಂದು ಅವನು ಅದೇ ಸಣ್ಣ ದನಿಯಲ್ಲಿ ಹೇಳಿದ.

"ಗೊತ್ತು" ಅಂದಳು ಫೋಟೋ ಅಕ್ಕ, ಅವನ ಮುಖ ನೋಡದೆ.